ನೀರು ಹದಕ್ಕೆ ಬಂದ ಮೇಲೆ ಮೀನು

ಕಾಫಿ ಕೊಯ್ಲು ಮುಗಿದು, ಅಡಿಕೆ ಮಂಡಿ ಸೇರಿ, ಬೆಳೆಗಾರನ ಕೈ ತುಸು ಬಿಡುವಾದಾಗ ಮನೆಯಲ್ಲಿ ಒಂದಿಲ್ಲೊಂದು ಹೊಸ ಹವ್ಯಾಸ ತಲೆ ಎತ್ತುವುದುಂಟು. ಜಗಲಿಯಲ್ಲಿ ಗಾಜಿನ ಮೀನುತೊಟ್ಟಿ ಇಡುವುದು ಅಂಥದ್ದರಲ್ಲಿ ಒಂದು. ನೋಡಲು ಚಂದ, ಮಕ್ಕಳಿಗೆ ಸಂತೋಷ. ಆದರೆ "ತಂದ ಎಂಟೇ ದಿನಕ್ಕೆ ಮೀನು ಸತ್ತವು" ಎಂಬ ಮಾತನ್ನೂ ಸದಸ್ಯರಿಂದ ಕೇಳುತ್ತಿದ್ದೇವೆ. ನಮ್ಮ ಮನೆಯಲ್ಲೂ ಅದೇ ಆಯಿತು. ಆ ನಷ್ಟದಿಂದ ಕಲಿತದ್ದನ್ನು ಸದಸ್ಯ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗಳ ಒತ್ತಾಯಕ್ಕೆ ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಕೊಂಡೆವು. ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರನ್ನೇ ತುಂಬಿದೆವು. ಕುಡಿಯಲು ಇದಕ್ಕಿಂತ ಒಳ್ಳೆಯ ನೀರಿಲ್ಲ ಎಂಬುದು ನಮ್ಮ ಹೆಮ್ಮೆ. ಅದೇ ಸಂಜೆ ಪೇಟೆಯಿಂದ ಎಂಟು ಗೋಲ್ಡ್ ಫಿಶ್ ತಂದು ಬಿಟ್ಟೆವು. ಮೂರನೆಯ ದಿನ ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಿಡತೊಡಗಿದವು. ಏಳನೆಯ ದಿನಕ್ಕೆ ಒಂದೂ ಉಳಿಯಲಿಲ್ಲ. ಎಂಟಕ್ಕೂ ಹೆಸರಿಟ್ಟಿದ್ದ ಹುಡುಗಿ ಅವನ್ನು ದಾಸವಾಳದ ಬುಡದಲ್ಲಿ ಹುಗಿದು ಬಂದು, "ಅಜ್ಜ, ನೀರು ಇಷ್ಟು ತಿಳಿಯಾಗಿದೆಯಲ್ಲ, ಮತ್ತೆ ಯಾಕೆ ಸತ್ತವು?" ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಉತ್ತರ ನಮ್ಮ ಗೊಬ್ಬರದ ಗುಂಡಿಯಲ್ಲೇ ಇತ್ತು. ಮೀನು ಕಿವಿರಿನ ಮೂಲಕ ಸದಾ ಅಮೋನಿಯ ಹೊರಬಿಡುತ್ತದೆ. ತಿನ್ನದೆ ಉಳಿದ ಮೇವು ಮತ್ತು ಹಿಕ್ಕೆ ಕೊಳೆತಾಗಲೂ ಅದೇ ಹುಟ್ಟುತ್ತದೆ. ಹೊಳೆಯಲ್ಲಾದರೆ ಅದು ಕೊಚ್ಚಿಹೋಗುತ್ತದೆ, ತೊಟ್ಟಿಯಲ್ಲಿ ಹೋಗಲು ದಾರಿಯಿಲ್ಲ. ಅದಕ್ಕೆ ಬಣ್ಣವಿಲ್ಲದ್ದರಿಂದ ನೀರು ಕನ್ನಡಿಯಂತಿದ್ದರೂ ವಿಷವಾಗಿರಬಹುದು. ನಾವು ಮಣ್ಣಿಗೆ ಹಾಕಿದ ಅಮೋನಿಯಂ ಗೊಬ್ಬರವನ್ನು ಸೂಕ್ಷ್ಮಜೀವಿಗಳು ಮೊದಲು ನೈಟ್ರೈಟ್ ಆಗಿಯೂ ಆಮೇಲೆ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ತೊಟ್ಟಿಯಲ್ಲೂ ಆಗಬೇಕಾದದ್ದು ಇದೇ. ನೈಟ್ರೈಟ್ ಸಹ ಮೀನಿಗೆ ವಿಷವೇ. ಅದು ರಕ್ತ ಸೇರಿ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕೆಡಿಸುತ್ತದೆ. ಕೊನೆಯ ನೈಟ್ರೇಟ್ ಮಾತ್ರ ಸಾಕಷ್ಟು ನಿರಪಾಯ. ಹೊಸ ತೊಟ್ಟಿಯಲ್ಲಿ ಈ ಸೂಕ್ಷ್ಮಜೀವಿಗಳು ಇರುವುದೇ ಇಲ್ಲ ಎನ್ನಬಹುದು. ಅವು ಬೆಳೆದು ಜಲ್ಲಿಯ ಮೇಲೂ ಶೋಧಕದ ಸ್ಪಂಜಿನಲ್ಲೂ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಆ ಮೊದಲೇ ಮೀನು ಬಿಟ್ಟರೆ ನಮಗಾದ ಗತಿಯೇ.

ಈ ಕಾಯುವಿಕೆ ಹೊಸ ವಿಷಯವಲ್ಲ. 1877ರಲ್ಲಿ ಫ್ರಾನ್ಸಿನ ಶ್ಲೊಸಿಂಗ್ ಮತ್ತು ಮ್ಯೂಂಟ್ಸ್ ಎಂಬ ವಿಜ್ಞಾನಿಗಳು ಉದ್ದನೆಯ ಗಾಜಿನ ಕೊಳವೆಯಲ್ಲಿ ಮರಳು ಮತ್ತು ಸುಣ್ಣಕಲ್ಲು ತುಂಬಿ, ಅದರ ಮೂಲಕ ಚರಂಡಿ ನೀರನ್ನು ನಿಧಾನವಾಗಿ ಇಳಿಸಿದರು. 20 ದಿನ ಏನೂ ಆಗಲಿಲ್ಲ. ಆಮೇಲೆ ಅಮೋನಿಯ ಕಡಿಮೆಯಾಗಿ ನೈಟ್ರೇಟ್ ಕಾಣಿಸಿತು. ಕ್ಲೋರೊಫಾರಂ ಸೋಕಿಸಿದಾಗ ಕೆಲಸ ನಿಂತಿತು, ತೋಟದ ಮಣ್ಣಿನ ತೊಳೆ ಸೇರಿಸಿದಾಗ ಪುನಃ ಶುರುವಾಯಿತು. ಇದು ಬರಿಯ ರಸಾಯನವಲ್ಲ, ಜೀವಿಗಳ ಕೆಲಸ ಎಂದು ಹಾಗೆ ಸಿದ್ಧವಾಯಿತು. ಮುಂದೆ ವಿನೊಗ್ರಾಡ್ಸ್ಕಿ ಎಂಬವರು 1890ರ ಸುಮಾರಿಗೆ ಈ ಜೀವಿಗಳನ್ನು ಬೇರ್ಪಡಿಸಿ ಬೆಳೆಸಿದರು. ಆ ಕೊಳವೆಯಲ್ಲಿದ್ದ ಸುಣ್ಣಕಲ್ಲನ್ನು ಓದುಗರು ನೆನಪಿನಲ್ಲಿಡಬೇಕು. ನಮ್ಮ ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ಪರೀಕ್ಷೆಯ ಕ್ರಮ

ಕಣ್ಣಿಗೆ ಕಾಣದ್ದನ್ನು ತಿಳಿಯಲು ಪರೀಕ್ಷೆಯೊಂದೇ ಉಪಾಯ. ಮೀನಿನ ಅಂಗಡಿಗಳಲ್ಲಿ ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಪೆಟ್ಟಿಗೆ ಸಿಗುತ್ತದೆ. ಅಮೋನಿಯ, ನೈಟ್ರೈಟ್, ನೈಟ್ರೇಟ್, ಪಿ.ಎಚ್. ಎಂದು ಕರೆಯುವ ರಸಸಾರ ಮತ್ತು ಕಾರ್ಬೊನೇಟ್ ಗಡಸುತನ ಈ ಐದನ್ನೂ ನೋಡುವಂಥದ್ದನ್ನು ಕೊಳ್ಳಬೇಕು. ಅದ್ದಿ ನೋಡುವ ಪಟ್ಟಿಗಳು ಅಗ್ಗವಾದರೂ ಹಲವುಗಳಲ್ಲಿ ಅಮೋನಿಯದ ಪರೀಕ್ಷೆಯೇ ಇರುವುದಿಲ್ಲ. ಗಾಜಿನ ನಳಿಗೆಯನ್ನು ತೊಟ್ಟಿಯ ನೀರಿನಲ್ಲೇ ತೊಳೆದು, ಗೆರೆಯವರೆಗೆ ನೀರು ತುಂಬಿ, ಹೇಳಿದಷ್ಟು ಹನಿ ಹಾಕಿ, ಹೇಳಿದಷ್ಟು ನಿಮಿಷ ಕಾದು, ಹಗಲು ಬೆಳಕಿನಲ್ಲಿ ಬಣ್ಣವನ್ನು ಪಟ್ಟಿಯೊಡನೆ ಹೋಲಿಸಬೇಕು. ನೈಟ್ರೇಟಿನ ಎರಡನೆಯ ಸೀಸೆಯ ತಳದಲ್ಲಿ ಪುಡಿ ಕೂರುತ್ತದೆ. ಅದನ್ನು ಚೆನ್ನಾಗಿ ಕುಲುಕದಿದ್ದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.

ಎರಡನೆಯ ಸಲ ಮೀನಿಲ್ಲದ ತೊಟ್ಟಿಯಲ್ಲೇ ಆರಂಭಿಸಿದೆವು. ಸೂಕ್ಷ್ಮಜೀವಿಗಳಿಗೂ ಆಹಾರ ಬೇಕಷ್ಟೆ. ಅದಕ್ಕೆ ದಿನಕ್ಕೊಂದು ಚಿಟಿಕೆ ಮೀನಿನ ಮೇವು ಹಾಕಿ ಕೊಳೆಯಲು ಬಿಟ್ಟೆವು. ಮನೆಯಲ್ಲಿ ಅಮೋನಿಯಂ ಸಲ್ಫೇಟ್ ಚೀಲವಿದೆಯಲ್ಲ ಎಂದು ಕೆಲವರು ಕೇಳಬಹುದು. 50 ಲೀಟರಿಗೆ ಬೇಕಾದದ್ದು ಕೇವಲ ಅರ್ಧ ಗ್ರಾಂ. ಬೊಗಸೆಯಲ್ಲಿ ಗೊಬ್ಬರ ಹಾಕುವ ಕೈಗೆ ಅರ್ಧ ಗ್ರಾಂ ಅಳೆಯುವ ಅಭ್ಯಾಸವಿಲ್ಲ. ಆದ್ದರಿಂದ ಮೇವೇ ಲೇಸು. ಹಳೆಯ ಆರೋಗ್ಯವಂತ ತೊಟ್ಟಿಯಿರುವ ನೆಂಟರಿದ್ದರೆ ಅವರ ಶೋಧಕದ ಸ್ಪಂಜಿನ ಒಂದು ತುಂಡನ್ನು ಒದ್ದೆಯಾಗಿಯೇ ತಂದು ಹಾಕಬಹುದು. ಹಾಲಿಗೆ ಹೆಪ್ಪು ಹಾಕಿದಂತೆ, ಕೆಲಸ ಬೇಗ ಆಗುತ್ತದೆ. ನಮಗೆ ಅದು ಸಿಗಲಿಲ್ಲ.

ಐದನೆಯ ದಿನ ಅಮೋನಿಯದ ನಳಿಗೆ ಹಸಿರಾಯಿತು. ಹದಿನಾರನೆಯ ದಿನ ನೈಟ್ರೈಟ್ ಕಾಣಿಸಿತು. ನಮಗೆ ಬಲು ಸಂತೋಷ. ಆದರೆ ಇಪ್ಪತ್ತನಾಲ್ಕನೆಯ ದಿನದಿಂದ ಏನೂ ಮುಂದುವರಿಯಲಿಲ್ಲ. ಅಮೋನಿಯ ಇಳಿಯಲಿಲ್ಲ, ನೈಟ್ರೈಟೂ ಇಳಿಯಲಿಲ್ಲ. ರಸಸಾರ ನೋಡಿದರೆ 6ಕ್ಕೆ ಬಿದ್ದಿತ್ತು. ಕಾರ್ಬೊನೇಟ್ ಗಡಸುತನದ ಪರೀಕ್ಷೆಯಲ್ಲಿ ಒಂದೇ ಹನಿಗೆ ಬಣ್ಣ ತಿರುಗಿತು.

ಮಲೆನಾಡಿನ ನೀರಿನ ಗುಣ

ಇಲ್ಲಿಯೇ ನಮ್ಮ ಹೆಮ್ಮೆಯ ಅಬ್ಬಿ ನೀರಿನ ಗುಟ್ಟು ತಿಳಿಯಿತು. ಸುಣ್ಣಕಲ್ಲಿಲ್ಲದ ಗುಡ್ಡದಿಂದ ಇಳಿದ ಮಳೆಯ ನೀರು ಅದು. ಬಹಳ ಮೆದು. ಸೂಕ್ಷ್ಮಜೀವಿಗಳು ಅಮೋನಿಯವನ್ನು ಪರಿವರ್ತಿಸುವಾಗ ಆಮ್ಲ ಹುಟ್ಟುತ್ತದೆ. ಅಮೋನಿಯ ರೂಪದ 1 ಮಿಲಿಗ್ರಾಂ ಸಾರಜನಕಕ್ಕೆ ಸುಮಾರು 7 ಮಿಲಿಗ್ರಾಂ ಸುಣ್ಣಕಲ್ಲಿನಷ್ಟು ಕ್ಷಾರತೆ ಖರ್ಚಾಗುತ್ತದೆ. ಒಂದು ಡಿಗ್ರಿ ಗಡಸುತನವೆಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ. ನಮ್ಮ ನೀರಿನ ದಾಸ್ತಾನು ಅಷ್ಟರಲ್ಲೇ ಮುಗಿದುಹೋಯಿತು. ರಸಸಾರ ಇಳಿದಂತೆ ಈ ಜೀವಿಗಳ ಕೆಲಸ ನಿಧಾನವಾಗಿ, 6ರ ಹತ್ತಿರ ಬಹುಪಾಲು ನಿಂತೇಹೋಗುತ್ತದೆ. ಅಮೋನಿಯಂ ಗೊಬ್ಬರವನ್ನೇ ಸತತವಾಗಿ ಹಾಕಿದ ತೋಟ ಹುಳಿಯಾಗಿ ಸುಣ್ಣ ಬೇಡುವುದು ಇದೇ ಕಾರಣಕ್ಕೆ. ತೋಟಕ್ಕೆ ಸುಣ್ಣ ಹಾಕಿಸುವ ನಾವು ತೊಟ್ಟಿಯನ್ನು ಮರೆತಿದ್ದೆವು.

ಆದರೆ ತೋಟದ ಸುಟ್ಟ ಸುಣ್ಣವನ್ನು ತೊಟ್ಟಿಗೆ ಸರ್ವಥಾ ಹಾಕಕೂಡದು. ರಸಸಾರ ಒಮ್ಮೆಲೇ ಏರಿ ಅನಾಹುತವಾದೀತು. ನಾವು ಅಡಿಗೆ ಸೋಡವನ್ನು ನೀರಿನಲ್ಲಿ ಕದಡಿ 3 ಗ್ರಾಂ ಹಾಕಿದೆವು, ಎರಡು ದಿನ ಬಿಟ್ಟು ಮತ್ತೆ 3 ಗ್ರಾಂ. 50 ಲೀಟರಿಗೆ ಒಂದೂವರೆ ಗ್ರಾಂ ಸೋಡ ಹಾಕಿದರೆ ಒಂದು ಡಿಗ್ರಿ ಏರುತ್ತದೆ. ನಿಧಾನವಾಗಿ ಕರಗುತ್ತಿರಲೆಂದು ಸುಡದ ಸಮುದ್ರದ ಚಿಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಶೋಧಕದ ಪಕ್ಕ ಇಳಿಬಿಟ್ಟೆವು. ವಾರದೊಳಗೆ ಕೆಲಸ ಪುನಃ ಆರಂಭವಾಯಿತು. ನಲವತ್ತಮೂರನೆಯ ದಿನ ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ. ಮೇವು ಹಾಕುತ್ತಿದ್ದರೂ ಮೂರು ದಿನ ಹಾಗೆಯೇ ನಿಂತಿತು. ನೈಟ್ರೇಟ್ ಮಾತ್ರ ಏರಿತ್ತು. ಅರ್ಧ ನೀರು ಬದಲಿಸಿ ನಾಲ್ಕು ಗಪ್ಪಿ ಮೀನು ಬಿಟ್ಟೆವು. ಗೋಲ್ಡ್ ಫಿಶ್ ದೊಡ್ಡದಾಗಿ ಬೆಳೆಯುವ, ಹೆಚ್ಚು ಹೊಲಸು ಮಾಡುವ ಮೀನು. ಇಷ್ಟು ಚಿಕ್ಕ ತೊಟ್ಟಿಗೆ ಅದು ಹೇಳಿದ್ದಲ್ಲ.

ಮೀನು ಇರುವಾಗಲೇ ರಸಸಾರ ಬಿದ್ದು ಅಮೋನಿಯ ಏರಿದ್ದರೆ ಅವಸರ ಬೇಡ. ಹುಳಿ ನೀರಿನಲ್ಲಿ ಅಮೋನಿಯದ ಬಹುಪಾಲು ಅಷ್ಟೊಂದು ವಿಷವಲ್ಲದ ರೂಪದಲ್ಲಿರುತ್ತದೆ. ರಸಸಾರ 7ರಿಂದ 8ಕ್ಕೆ ಏರಿದರೆ ವಿಷರೂಪದ ಪಾಲು ಸುಮಾರು ಹತ್ತುಪಟ್ಟಾಗುತ್ತದೆ. ಆದ್ದರಿಂದ ಮೊದಲು ಅದೇ ಮೂಲದ ಮೆದು ನೀರಿನಿಂದ ಸ್ವಲ್ಪ ಸ್ವಲ್ಪವಾಗಿ ಬದಲಿಸಿ ಅಮೋನಿಯವನ್ನು ಇಳಿಸಬೇಕು, ಆಮೇಲೆ ದಿನಕ್ಕಿಷ್ಟೆಂದು ಸೋಡ.

ನಮ್ಮ ಮನೆಗಳಿಗೇ ವಿಶೇಷವಾಗಿ ಅನ್ವಯಿಸುವ ಕೆಲವು ಎಚ್ಚರಿಕೆಗಳಿವೆ. ಮೊದಲನೆಯದಾಗಿ, ಬೋರ್ಡೋ ದ್ರಾವಣ ಕಲಸಿದ ಬಕೆಟ್, ಡ್ರಮ್ಮು, ಕೋಲು ಯಾವುದನ್ನೂ ತೊಟ್ಟಿಯ ಹತ್ತಿರ ತರಬಾರದು. ಮೈಲುತುತ್ತದ ತಾಮ್ರ ಮೀನಿಗೆ ವಿಷ, ಮೆದು ನೀರಿನಲ್ಲಿ ಇನ್ನೂ ಹೆಚ್ಚು. ಔಷಧಿ ಹೊಡೆದ ದಿನ ಕೈ ಚೆನ್ನಾಗಿ ತೊಳೆಯದೆ ಮೇವು ಹಾಕಕೂಡದು. ಎರಡನೆಯದಾಗಿ, ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದ್ದರೆ ಆ ನೀರನ್ನು ಕೂಡಲೇ ಬಳಸಬಾರದು. ಕ್ಲೋರಿನ್ ಮೀನನ್ನೂ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ. ಅಗಲ ಪಾತ್ರೆಯಲ್ಲಿ ಒಂದು ದಿನವಾದರೂ ತೆರೆದಿಟ್ಟು, ಕ್ಲೋರಿನ್ ವಾಸನೆ ಪೂರ್ತಿ ಹೋದ ಮೇಲೆಯೇ ತುಂಬಬೇಕು. ಮೂರನೆಯದಾಗಿ, ಶೋಧಕದ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಗುರಾಗಿ ಹಿಂಡಬೇಕು. ಸಾಬೂನು, ಬಿಸಿನೀರು ಸಲ್ಲದು. ನಾಲ್ಕನೆಯದಾಗಿ, ಮಳೆಗಾಲದಲ್ಲಿ ಕಂಬ ಬಿದ್ದು ದಿನಗಟ್ಟಲೆ ಕರೆಂಟು ಹೋದಾಗ ಗಾಳಿಯಿಲ್ಲದೆ ಶೋಧಕದೊಳಗಿನ ಜೀವಿಗಳು ಸೊರಗುತ್ತವೆ. ಆಗ ಮೇವು ನಿಲ್ಲಿಸಬೇಕು. ಕರೆಂಟು ಬಂದ ಮೇಲೆ ಸ್ಪಂಜನ್ನು ತೊಟ್ಟಿಯ ನೀರಿನಲ್ಲಿ ಜಾಲಿಸಿ ಆಮೇಲೆ ಯಂತ್ರ ಹಾಕಬೇಕು, ಎರಡು ದಿನ ಅಮೋನಿಯ ಪರೀಕ್ಷಿಸಬೇಕು.

ಈಗ ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ನಳಿಗೆ ಹಿಡಿಯುವವಳು ಮೊಮ್ಮಗಳೇ. ಅಂಕಿಗಳನ್ನು ಹಳೆಯ ಮಳೆಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಡುತ್ತಾಳೆ. ಮೊದಲ ಎಂಟು ಮೀನುಗಳನ್ನು ಅವಳು ಮರೆತಿಲ್ಲ, ನಾವೂ ಮರೆತಿಲ್ಲ. ನೀರು ತಿಳಿಯಾಗಿದೆ ಎಂಬ ಮಾತಿಗೆ ಮಾತ್ರ ಈಗ ಇಬ್ಬರೂ ಬೆಲೆ ಕೊಡುವುದಿಲ್ಲ.

ಮಣ್ಣು ಪರೀಕ್ಷೆ ಮಾಡಿಸದೆ ಸುಣ್ಣ ಹಾಕಬೇಡಿ ಎಂದು ಸದಸ್ಯರಿಗೆ ಸದಾ ಹೇಳುತ್ತ ಬಂದಿದ್ದೇವೆ. ನೀರು ಪರೀಕ್ಷಿಸದೆ ಮೀನು ತರಬೇಡಿ ಎಂಬುದನ್ನೂ ಅದರ ಜೊತೆಗೆ ಸೇರಿಸಿಕೊಳ್ಳಬೇಕಾಗಿ ವಿನಂತಿ.