ಪ್ಯಾಚ್ ಹಾಕುವ ರಾತ್ರಿ

"ಗುರುವಾರ ರಾತ್ರಿ 2 ಗಂಟೆಗೆ ಸರ್ವರ್ ಪ್ಯಾಚ್" ಎಂದು ಐಟಿಯವರ ಮೇಲ್ ಬಂದರೆ ಫಾರ್ಮಸಿಯವರಾದ ನಮಗೆ ನೈಟ್ ಡ್ಯೂಟಿ ಭಾರ. ಹಾಗಂತ ಬೇಡ ಎನ್ನುವಂತಿಲ್ಲ. 2003ರ ಜನವರಿಯಲ್ಲಿ ಸ್ಲ್ಯಾಮರ್ ಎಂಬ ವರ್ಮ್ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ಗಳಿಗೆ ನುಗ್ಗಿದಾಗ ಬ್ಯಾಂಕ್ ಆಫ್ ಅಮೆರಿಕದ ಸಾವಿರಾರು ಎಟಿಎಂಗಳು ನಿಂತವು. ತಡೆಯುವ ಪ್ಯಾಚ್ 2002ರ ಜುಲೈಯಲ್ಲೇ ಬಂದಿತ್ತು! ಬೇರೆ ಸಾಫ್ಟ್‌ವೇರ್ ಜೊತೆ ಪುಟ್ಟ ಡೇಟಾಬೇಸ್ ಒಂದು ಒಳಗೆ ಸೇರಿಕೊಂಡಿರುವುದೇ ಎಷ್ಟೋ ಕಡೆ ಗೊತ್ತಿರಲಿಲ್ಲ.

ನಮ್ಮಲ್ಲೂ ಒಂದೇ ಡೇಟಾಬೇಸ್‌ಗೆ ಲೇಬಲ್ ಪ್ರಿಂಟರ್, ವಾರ್ಡಿನ ಔಷಧ ಕ್ಯಾಬಿನೆಟ್, ಲ್ಯಾಬ್, ಇನ್ಶೂರೆನ್ಸ್ ಎಲ್ಲವೂ ಜೋತುಬಿದ್ದಿವೆ. ಪ್ಯಾಚ್ ಬಂದು ಹಳೆಯ ಎನ್‌ಕ್ರಿಪ್ಷನ್ ಮುಚ್ಚಿದರೆ, ಹಳೆಯ ಡ್ರೈವರ್ ಇರುವ ಯಂತ್ರಕ್ಕೆ ಸಂಪರ್ಕ ತಪ್ಪುತ್ತದೆ. ಪ್ರಿಂಟರ್ ನಿಂತರೆ ಚಿಂತೆಯಿಲ್ಲ, ಲೇಬಲ್ ಕೈಯಲ್ಲಿ ಬರೆಯಬಹುದು. ಭಯ ಸದ್ದಿಲ್ಲದೆ ಕೆಡುವುದರದ್ದು: ಪೆನಿಸಿಲಿನ್ ಅಲರ್ಜಿ ಇರುವವರಿಗೆ ಅಮಾಕ್ಸಿಸಿಲಿನ್ ಬರೆದಾಗ ಕೆಂಪು ಎಚ್ಚರಿಕೆ ಬಾರದಿದ್ದರೆ?

ಅದಕ್ಕೇ, ಮೊದಲು ಟೆಸ್ಟ್ ಸರ್ವರಿನಲ್ಲಿ ಹಾಕಿ ನಮ್ಮನ್ನು ಕರೆಯಿರಿ ಎಂದು ಐಟಿಯವರಿಗೆ ಹೇಳಿದ್ದೇವೆ. ಅಲ್ಲೊಬ್ಬ ಸುಳ್ಳು ರೋಗಿ ಇದ್ದಾನೆ; ಪುಣ್ಯಾತ್ಮನಿಗೆ ಇಲ್ಲದ ಅಲರ್ಜಿಯೇ ಇಲ್ಲ! ಅವನಿಗೆ ಅಮಾಕ್ಸಿಸಿಲಿನ್ ಹಾಕಿ ನೋಡುತ್ತೇವೆ. ಬ್ಯಾಕಪ್ ಇದ್ದರಷ್ಟೇ ಸಾಲದು, ಅದರಿಂದ ಮರಳಿ ಏಳಲು ಎಷ್ಟು ಹೊತ್ತು ಬೇಕೆಂದೂ ಕೇಳುತ್ತೇವೆ.

ಆ ರಾತ್ರಿ ಒಂದೂವರೆಗೇ ವಾರ್ಡುಗಳ ಔಷಧ ಪಟ್ಟಿ ಪ್ರಿಂಟ್ ತೆಗೆದಿಡುತ್ತೇವೆ. ಸರ್ವರ್ ಎದ್ದೊಡನೆ ಸುಳ್ಳು ರೋಗಿಗೆ ಮತ್ತೆ ಅದೇ ಮಾತ್ರೆ. ಕೆಂಪು ಪಟ್ಟಿ ಬಂದರೆ ಮಾತ್ರ, ಕಾಗದದ ಮೇಲೆ ಕೊಟ್ಟ ಔಷಧಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಏರಿಸುತ್ತೇವೆ.