ನಿಮಗಿದು ಗೊತ್ತೆ? ನಾಟಕವಾಡುವ ಮಕ್ಕಳ ಭಾಷೆ ಗಟ್ಟಿ

ಅಮೆರಿಕದ ಹ್ಯೂಸ್ಟನ್‌ನಲ್ಲಿ 42 ಶಾಲೆಗಳನ್ನು ಆಯ್ದು, ಚೀಟಿ ಎತ್ತಿದಂತೆ ಕೆಲವಕ್ಕೆ ಮಾತ್ರ ಹೆಚ್ಚಿನ ಕಲಾ ಶಿಕ್ಷಣ ಒದಗಿಸಲಾಯಿತು. ಬಹುಪಾಲು ಪ್ರಾಥಮಿಕ ಶಾಲೆಗಳೇ. 3ರಿಂದ 8ನೇ ತರಗತಿಯ 10 ಸಾವಿರಕ್ಕೂ ಹೆಚ್ಚು ಮಕ್ಕಳ ಈ ಅಧ್ಯಯನ 2019ರಲ್ಲಿ ಹೊರಬಂತು. ಕಲೆ ಕಲಿತವರ ಬರವಣಿಗೆಯ ಅಂಕ ಏರಿತ್ತು, ಅಶಿಸ್ತಿನ ದೂರು ತಗ್ಗಿತ್ತು, ಸಹಪಾಠಿಗಳ ಬಗ್ಗೆ ಕಾಳಜಿ ಹೆಚ್ಚಿತ್ತು. ಗಣಿತದ ಅಂಕದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಲೆಗಳ ಪೈಕಿ ಸ್ಪಷ್ಟವಾಗಿ ಎದ್ದು ಕಂಡಿದ್ದು ನಾಟಕ. ಕತೆಯನ್ನು ಅಭಿನಯಿಸಿದ ಮಗು ಅದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತದೆ, ಅಭಿನಯಿಸದ ಹೊಸ ಪಾಠವನ್ನೂ ಸಲೀಸಾಗಿ ಗ್ರಹಿಸುತ್ತದೆ.

ಯಾದಗಿರಿ, ಶಹಾಪುರ, ಸುರಪುರದ ಶಾಲೆಗಳಿಗೆ ಇದು ದೂರದ ಮಾತಲ್ಲ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 50.59 ಫಲಿತಾಂಶದೊಂದಿಗೆ ಯಾದಗಿರಿ ರಾಜ್ಯಕ್ಕೇ ಕೊನೆಯ ಸ್ಥಾನದಲ್ಲಿತ್ತು. ಆದರೆ ಕಲೆಗೆ ಇಲ್ಲಿ ಬಡತನವಿಲ್ಲ. ದೊಡ್ಡಾಟ, ಮೊಹರಂ ಪದ, ಅಲಾಯಿ ಕುಣಿತ ಊರೂರಲ್ಲೂ ಉಂಟು. ನಾಯಕ ಅರಸರ ಆಶ್ರಯದಲ್ಲಿ ಬೆಳೆದ, ನವಿರು ಗೆರೆ ಮತ್ತು ಚಿನ್ನದ ಬಣ್ಣದ ಸುರಪುರ ಚಿತ್ರಶೈಲಿಗೆ ದೇಶದ ಕಲಾ ಇತಿಹಾಸದಲ್ಲೇ ಸ್ಥಾನವಿದೆ. ಅದೇ ಊರಿನ ಮಗು ಅದನ್ನು ಒಮ್ಮೆಯೂ ನೋಡದೆ ಏಳನೇ ತರಗತಿ ದಾಟಬಾರದು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿವರೆಗೂ ಕಲೆಯನ್ನು ಕಡ್ಡಾಯ ವಿಷಯವಾಗಿಸಲು ಹೇಳಿತ್ತು. 2020ರ ಶಿಕ್ಷಣ ನೀತಿ ಪಾಠದೊಳಗೇ ಕಲೆಯನ್ನು ಬೆಸೆಯಲು ಹೇಳಿದೆ. ಆದರೂ ಪರೀಕ್ಷೆ ಹತ್ತಿರವಾದಾಗ ಮೊದಲು ಕೈಬಿಡುವುದು ಚಿತ್ರಕಲೆ, ಸಂಗೀತದ ಪಿರಿಯಡ್‌ಗಳನ್ನೇ. ಹಾಗೆಯೇ ನಾಟಕದ ಪಿರಿಯಡ್ಡನ್ನೂ ಕಿತ್ತುಕೊಂಡರೆ ಕನ್ನಡದ ಪಾಠಕ್ಕೇ ನಷ್ಟ.