ಮೋಟಾರಿನಲ್ಲಿ ಸಂಗೀತಶ್ರವಣ

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲೂಕುಗಳಲ್ಲಿ ಊರಿಂದೂರಿಗೆ ಹೋಗುವದೆಂದರೆ ಕಾಡಿನ ಹಾದಿಯ ಪ್ರಯಾಣ. ಸ್ವಂತ ಮೋಟಾರುಳ್ಳ ಗೃಹಸ್ಥರು ಆ ಹೊತ್ತನ್ನು ಸಂಗೀತ ಕೇಳುವದರಲ್ಲಿ ಕಳೆಯುವರು. ಆದರೆ ಅನೇಕ ಮೋಟಾರುಗಳಲ್ಲಿ ಕೇಳಿಬರುವದು ಸಂಗೀತವಲ್ಲ, ಅದರ ಗುಡುಗು ಮಾತ್ರ. ಮುಂದೆ ಕುಳಿತ ಮಗನಿಗೆ ತಾಳ ಕೇಳಿಸುವದು. ಹಿಂದೆ ಕುಳಿತ ತಾಯಿಗೆ ವಚನದ ಒಂದಕ್ಷರವೂ ತಿಳಿಯುವದಿಲ್ಲ. ಸದ್ದು ಹೆಚ್ಚಿಸಿದರೆ ಆಕೆಗೆ ತಲೆನೋವು, ತಗ್ಗಿಸಿದರೆ ಉಳಿದ ಶಬ್ದಗಳೂ ಅಳಿಸಿಹೋಗುವವು. ಇದಕ್ಕೆ ಪರಿಹಾರವು ಸದ್ದಿನ ಗುಂಡಿಯಲ್ಲಿಲ್ಲ. ಅದರ ಪಕ್ಕದಲ್ಲಿಯೇ ಇದ್ದು ಯಾರೂ ಸರಿಯಾಗಿ ಬಳಸದ ಈಕ್ವಲೈಜರ್ ಎಂಬ ಸಾಧನದಲ್ಲಿರುವದು.

ಈ ಹೆಸರಿನ ಅರ್ಥ ಸಮಗೊಳಿಸತಕ್ಕದ್ದು ಎಂದು. ಇದು ಹುಟ್ಟಿದ್ದು ಟೆಲಿಫೋನಿನ ಸಲುವಾಗಿ. ದೂರದ ತಂತಿಯಲ್ಲಿ ಹರಿದು ಬರುವಾಗ ಮಾತಿನ ತೀಕ್ಷ್ಣಾಂಶಗಳು ಹೆಚ್ಚಾಗಿ ಸವೆಯುತ್ತಿದ್ದವು. ಅವನ್ನು ಮೊದಲಿನ ಪ್ರಮಾಣಕ್ಕೆ ತರಲು ಇಂಜಿನಿಯರರು ಈ ಯುಕ್ತಿಯನ್ನು ಯೋಜಿಸಿದರು. ಅಂದಮೇಲೆ ಕೆಟ್ಟ ಪ್ರಮಾಣವನ್ನು ತಿದ್ದುವದೇ ಇದರ ಧರ್ಮ. ಅಂಗಡಿಯವರು ಮಾತ್ರ ಇದನ್ನು ಮಸಾಲೆಯ ಡಬ್ಬಿಯಂತೆ ತೋರಿಸುವರು. 'ರಾಕ್', 'ಪಾಪ್', 'ಜಾಝ್' ಎಂಬ ಸಿದ್ಧಪಾಕಗಳೂ ಅದರಲ್ಲಿರುವವು. ಖ್ಯಾಲಕ್ಕಾಗಲಿ ದಾಸರಪದಕ್ಕಾಗಲಿ ಅವುಗಳಲ್ಲಿ ಯಾವದೂ ಒಗ್ಗುವದಿಲ್ಲವೆಂದು ನನ್ನ ಅಭಿಪ್ರಾಯ.

ಯಂತ್ರದ ಮೇಲಿನ ಬೇಸ್, ಮಿಡ್, ಟ್ರೆಬಲ್‌ಗಳೆಂದರೆ ನಮ್ಮ ಮಂದ್ರ, ಮಧ್ಯ, ತಾರಗಳೇ ಎಂದು ತಿಳಿದವರುಂಟು. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಈ ಮೂರಕ್ಕೆ ಹೃದಯ, ಕಂಠ, ಶಿರಸ್ಸುಗಳನ್ನು ಸ್ಥಾನವಾಗಿ ಹೇಳಿರುವನು. ಹೋಲಿಕೆ ಸೊಗಸಾದದ್ದು, ಆದರೆ ಸರಿಯಾದದ್ದಲ್ಲ. ಗಂಡಸರ ಮಧ್ಯಷಡ್ಜವು ಸೆಕೆಂಡಿಗೆ ಸುಮಾರು 140 ಕಂಪನಗಳದು, ಅಂದರೆ 140 ಹರ್ಟ್ಝ್ ಎಂದು ಹಿಡಿಯೋಣ. ಆಗ ತಾರಷಡ್ಜ 280. ಅದಕ್ಕೂ ಮೇಲಿನದು 560. ಗಾಯಕರು ಎಷ್ಟೇ ಮೇಲೇರಿದರೂ ಮೂಲಸ್ವರವು 1000ವನ್ನು ದಾಟುವದು ಅಪರೂಪ. ಟ್ರೆಬಲ್ ಗುಂಡಿಯು ಕೆಲಸ ಮಾಡುವದು ಅದಕ್ಕೂ ಎಷ್ಟೋ ಮೇಲೆ. ಅಲ್ಲಿ ವಾಸಿಸುವದು ತಂಬೂರಿಯ ಜವಾರಿಯ ಮಿನುಗು, ಮತ್ತು ವ್ಯಂಜನಗಳ ಸ್ಪಷ್ಟತೆ. ಶಕಾರದ ಉಸಿರು ಸುಮಾರು 3000ದ ಆಸುಪಾಸಿನಲ್ಲಿ, ಸಕಾರದ್ದು 5000ದಿಂದ ಮೇಲೆ ಬಲವಾಗಿರುವದು. ಆ ಭಾಗ ಮಂಕಾದರೆ ಶಾಲೆಗೂ ಸಾಲೆಗೂ ಭೇದವುಳಿಯುವದಿಲ್ಲ. (ನಮ್ಮ ಕಡೆಗೆ ಶಾಲೆಯನ್ನು ಮೊದಲೇ ಸಾಲಿ ಎನ್ನುವರು, ಆ ಮಾತು ಬೇರೆ.)

ಬೇಸಿನ ಮಹತ್ವವನ್ನು ನಾನು ಅಲ್ಲಗಳೆಯುವದಿಲ್ಲ. ಹಳಿಯಾಳದ ಕಡೆಯ ಸಿದ್ದಿ ಬಂಧುಗಳ ಡಮಾಮಿ ಕುಣಿತದ ಚರ್ಮವಾದ್ಯವನ್ನು ಹತ್ತಿರ ನಿಂತು ಕೇಳಿದವರು, ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೇಟಿಯನ್ನರ ಮಠಗಳಲ್ಲಿ ಉದ್ದ ಕಹಳೆಗಳ ನಾದವನ್ನು ಕೇಳಿದವರು, ಕೆಳದನಿಯು ಕಿವಿಗಿಂತ ಎದೆಗೆ ಮುಟ್ಟುವದೆಂದು ಬಲ್ಲರು. ಆದರೆ ಆ ಗಾಂಭೀರ್ಯವು ಮೋಟಾರಿನ ಬಾಗಿಲೊಳಗಿನ ಆರಂಗುಲದ ಸ್ಪೀಕರಿನಿಂದ ಹೊರಡಲಾರದು. ಬೇಸನ್ನು 6 ಡೆಸಿಬೆಲ್ ಏರಿಸಿದರೆ ಆ ಸ್ವರಗಳಿಗೆ ನಾಲ್ಕು ಪಟ್ಟು ವಿದ್ಯುಚ್ಛಕ್ತಿ ಬೇಕು. 10 ಏರಿಸಿದರೆ ಹತ್ತು ಪಟ್ಟು. ಆಂಪ್ಲಿಫೈಯರಿನ ಶಕ್ತಿ ಸಾಲದಾದಾಗ ಧ್ವನಿತರಂಗದ ತಲೆಯನ್ನೇ ಕತ್ತರಿಸಿದಂತಾಗಿ, ಗಾಯಕನ ಕಂಠವೂ ಒಡೆದಂತೆ ಕೇಳುವದು. "ಮಾಸ್ತರರೇ, ಬೇಸ್ ಇಲ್ಲದಿದ್ದರೆ ಹಾಡಿಗೆ ಜೀವವೆಲ್ಲಿ?" ಎಂದು ನಮ್ಮ ಓಣಿಯ ತರುಣನೊಬ್ಬನು ಕೇಳಿದನು. ಅವನ ಮೋಟಾರಿನಲ್ಲಿ ಬೇಸ್ ಎಂದು ಮೊಳಗುತ್ತಿದ್ದದ್ದು ಕೊಡದೊಳಗೆ ಮಾತಾಡಿದಂತಹ, 200 ಹರ್ಟ್ಝ್ ಸುತ್ತಲಿನ ಗುಂಯ್‌ಗುಟ್ಟುವಿಕೆ. ನಿಜವಾದ ಕೆಳದನಿ ಬೇಕಾದವರು ಸಬ್‌ವೂಫರ್ ಎಂಬ ಪ್ರತ್ಯೇಕ ಸ್ಪೀಕರನ್ನು ಕೂಡ್ರಿಸಬೇಕು.

ಹೊಂದಿಸುವ ಕ್ರಮ ಕಠಿಣವಾದದ್ದಲ್ಲ. ಮೋಟಾರನ್ನು ನಿಲ್ಲಿಸಿ ಎಲ್ಲ ಗುಂಡಿಗಳನ್ನೂ ಸೊನ್ನೆಗೆ ತರಬೇಕು. 'ಲೌಡ್‌ನೆಸ್' ಎಂಬ ಕೀಲಿಯಿದ್ದರೆ ಅದನ್ನೂ, ಫೋನಿನಿಂದ ಹಾಡು ಬರುತ್ತಿದ್ದರೆ ಫೋನಿನೊಳಗಿನ ಈಕ್ವಲೈಜರನ್ನೂ ಆರಿಸಬೇಕು. ಒಂದೇ ಅಡಿಗೆಗೆ ಇಬ್ಬರು ಉಪ್ಪು ಹಾಕಬಾರದಷ್ಟೆ. ತರುವಾಯ ನೂರು ಸಲ ಕೇಳಿ ಬಾಯಿಪಾಠವಾದ ಹಾಡೊಂದನ್ನು ಹಚ್ಚಬೇಕು. ಮಲ್ಲಿಕಾರ್ಜುನ ಮನಸೂರರು ಹಾಡಿದ ವಚನಗಳು ಇದಕ್ಕೆ ಬಹಳ ಅನುಕೂಲ. ಶಬ್ದ, ಸ್ವರ, ತಬಲಾ ಮೂರನ್ನೂ ಒಟ್ಟಿಗೆ ಪರೀಕ್ಷಿಸಬಹುದು. ದನಿಯು ಕೊಡದಿಂದ ಬಂದಂತಿದ್ದರೆ 200–300ರ ಭಾಗವನ್ನು ಎರಡು ಮೂರು ಡೆಸಿಬೆಲ್ ಇಳಿಸಿರಿ. ಶಬ್ದ ತಿಳಿಯದಿದ್ದರೆ 2000–4000ದ ಭಾಗವನ್ನು ಒಂದೆರಡು ಏರಿಸಿರಿ. ಸಕಾರಗಳು ಕಿವಿಗೆ ಚುಚ್ಚಿದರೆ 6000ದ ಮೇಲಿನದನ್ನು ತುಸು ತಗ್ಗಿಸಿರಿ. ಎಲ್ಲಕ್ಕೂ ಏರಿಸುವದಕ್ಕಿಂತ ಇಳಿಸುವದೇ ಉತ್ತಮ. ಮೂರೇ ಗುಂಡಿಗಳಿದ್ದರೆ ಬೇಸನ್ನು ತುಸು ಇಳಿಸಿ ಕೇಳಿದರೆ ಅರ್ಧ ಕೆಲಸವಾದಂತೆ.

ಮರುದಿನ ಹಾದಿಯ ಮೇಲೆ ಇನ್ನೊಮ್ಮೆ ಕೇಳಬೇಕು, ಏಕೆಂದರೆ ಗಾಲಿಗಳ ಸದ್ದು ಹೆಚ್ಚಾಗಿ ಕೆಳದನಿಯದು. ಅದು ಬೇಸನ್ನು ನುಂಗಿಬಿಡುವದು. ಓಡುವಾಗ ಬೇಸ್ ಒಂದೆರಡು ಡೆಸಿಬೆಲ್ ಹೆಚ್ಚು ಬೇಕೆನಿಸಿದರೆ ತಪ್ಪಲ್ಲ. ಗುಂಡಿ ಮುಟ್ಟುವದು ಮಾತ್ರ ಪಕ್ಕದವರ ಕೆಲಸ, ನಡೆಸುವವನದಲ್ಲ. ಜೋಯಿಡಾದ ಮಳೆ ಮೋಟಾರಿನ ಮಾಡಿನ ಮೇಲೆ ಬಿದ್ದಾಗ ಯಾವ ಈಕ್ವಲೈಜರೂ ನಡೆಯದು. ಆಗ ಹಾಡು ನಿಲ್ಲಿಸುವದೇ ಲೇಸು. ಹಳೆಯ ಮುದ್ರಣಗಳಲ್ಲಿಯೂ ಹೆಚ್ಚಿನ ಆಸೆ ಬೇಡ. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರು ಹಾಡಿದಂತಹ 78 ಸುತ್ತಿನ ತಟ್ಟೆಗಳಲ್ಲಿ ಅತಿ ಮೇಲಿನ ಅಂಶಗಳು ಬಹಳ ಕಡಿಮೆ. ಟ್ರೆಬಲ್ ಏರಿಸಿದರೆ ಮುಳ್ಳಿನ ಕರಕರ ಮಾತ್ರ ಹೆಚ್ಚುವದು.

ಇನ್ನು, ಯಾರ ಕಿವಿಯಿಂದ ಹೊಂದಿಸಬೇಕು? ವಯಸ್ಸಾದಂತೆ ಮೇಲಿನ ಸ್ವರಗಳೇ ಮೊದಲು ಕೇಳದಂತಾಗುವವು. ನನ್ನಂಥ ಅರವತ್ತರವನು ತನ್ನ ಕಿವಿಗೆ ಸರಿಮಾಡಿಕೊಂಡದ್ದು ಮೊಮ್ಮಗಳ ಕಿವಿಯನ್ನು ಕೊರೆಯಬಹುದು. ಕಾರಣ ಮಕ್ಕಳನ್ನೂ ಹಿರಿಯರನ್ನೂ ಹಿಂದೆ ಕೂಡ್ರಿಸಿ ಇಬ್ಬರಿಗೂ ಕೇಳಿಸಿ, ನಡುವಿನದನ್ನು ಹಿಡಿಯಬೇಕು. ಸದ್ದಿಗೂ ಮಿತಿಯುಂಟು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ತಾಸಿಗಿಂತ ಹೆಚ್ಚು ಕೇಳಬಾರದೆಂದು ಅಮೇರಿಕದ ಆರೋಗ್ಯಾಧಿಕಾರಿಗಳ ಮಾನ. ಪ್ರತಿ 3 ಡೆಸಿಬೆಲ್ ಏರಿದಂತೆ ಈ ಅವಧಿ ಅರ್ಧಕ್ಕಿಳಿಯುವದು. ಅಣಶಿ ಘಟ್ಟದ ತಿರುವಿನಲ್ಲಿ ಎದುರಿನ ಲಾರಿಯ ಹಾರ್ನು ಕೇಳಿಸದಷ್ಟು ಸಂಗೀತ ಯಾರಿಗೂ ಬೇಡ. ಶಬ್ದಗಳು ಸ್ಪಷ್ಟವಾದರೆ ಸದ್ದು ಕಡಿಮೆಯಿದ್ದರೂ ಸಾಕಾಗುವದು.

ಕೊನೆಗೊಂದು ಸೂಚನೆ. ಹೊಂದಿಸಿದ ಅಂಕೆಗಳನ್ನು ಚೀಟಿಯಲ್ಲಿ ಬರೆದು ಮೋಟಾರಿನ ಖಾನೆಯಲ್ಲಿಡಿರಿ. ಗ್ಯಾರೇಜಿನಲ್ಲಿ ಬ್ಯಾಟರಿ ಬಿಚ್ಚಿದಾಗ ಕೆಲವು ಯಂತ್ರಗಳು ಅವೆಲ್ಲವನ್ನೂ ಮರೆತುಬಿಡುವವು.